ನಾಳೆಯೂ ಬರುವ ಗಿರಾಕಿ ಎಲ್ಲಿ ಉಣ್ಣುತ್ತಾನೆ?

ಪ್ರಶ್ನೆ: ಮುಂದಿನ ತಿಂಗಳು ಆಫೀಸಿನ ತರಬೇತಿಗೆಂದು ಒಂದು ದೊಡ್ಡ ನಗರಕ್ಕೆ ಹೋಗುತ್ತಿದ್ದೇನೆ. ಐದು ದಿನ ಇರಬೇಕು. ಉಳಿಯುವ ಹೋಟೆಲ್ ಊರಿನ ನಟ್ಟನಡುವೆ ಇದೆ. ಅಮ್ಮನೂ ಜೊತೆಗೆ ಬರುತ್ತಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಜಾಸ್ತಿ ನಡೆಯೋಕೂ ಆಗಲ್ಲ. ಹಿಂದೊಮ್ಮೆ ಇಂಥದ್ದೇ ಜಾಗದಲ್ಲಿ ಉಳಿದಿದ್ದಾಗ ಎದುರಿಗೆ ಕಂಡ ಹೋಟೆಲ್‌ಗಳಲ್ಲೇ ತಿಂದೆ. ದುಡ್ಡೂ ಹೋಯಿತು, ಬಾಯಿಗೂ ಹಿಡಿಸಲಿಲ್ಲ. ಮೊಬೈಲ್ ನೋಡಿದರೆ ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಗುರುತು ಪರಿಚಯ ಇಲ್ಲದ ಊರಲ್ಲಿ ಒಳ್ಳೆಯ ಊಟದ ಜಾಗ ಹುಡುಕೋದು ಹೇಗೆ?

ಉತ್ತರ: ನಮ್ಮ ಮಾತಿನಲ್ಲಿ ಉಳಿಯುವ ಜಾಗವೂ ಹೋಟೆಲ್ಲೇ, ಉಣ್ಣುವ ಜಾಗವೂ ಹೋಟೆಲ್ಲೇ. ಗೊಂದಲ ಆಗಬಾರದು ಅಂತ ನೀವು ಉಳಿಯುವುದನ್ನು ಲಾಡ್ಜ್ ಅಂತಲೇ ಕರೆಯುತ್ತೇನೆ, ಅದು ಎಷ್ಟೇ ದೊಡ್ಡದಿರಲಿ. ಹೋಟೆಲ್ ಅಂದರೆ ಇಲ್ಲಿ ಊಟದ ಹೋಟೆಲ್ ಮಾತ್ರ.

ಹನ್ನೊಂದು ವರ್ಷ ನಾನು ಊರ ನಡುವಿನ ಒಂದು ಲಾಡ್ಜ್‌ನ ರಿಸೆಪ್ಶನ್‌ನಲ್ಲಿ ಕೆಲಸ ಮಾಡಿದ್ದೇನೆ. ಕೀ ಕೊಟ್ಟ ಮೇಲೆ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ ವೈಫೈ ಪಾಸ್‌ವರ್ಡ್, ಎರಡನೆಯದು ನಿಮ್ಮದೇ. ಆಮೇಲೆ ಕೆಲಸ ಬದಲಾಗಿ ನಾನೇ ತಿಂಗಳಿಗೆರಡು ಊರು ಸುತ್ತುವಂತಾಯಿತು. ಕೌಂಟರ್‌ನ ಎರಡೂ ಕಡೆ ನಿಂತು ನೋಡಿದ್ದನ್ನೇ ಹೇಳುತ್ತೇನೆ.

ನಿಮಗೆ ಹಿಂದಿನ ಸಲ ಹಾಗಾದದ್ದಕ್ಕೆ ಕಾರಣ ಇದೆ. ಲಾಡ್ಜ್ ಎದುರಿನ ಹೋಟೆಲ್‌ಗೆ ಬರುವವರು ಇವತ್ತು ಬಂದು ನಾಳೆ ಊರು ಬಿಡುವವರು. ಊಟ ಸಪ್ಪೆಯಾದರೆ ಅವರು ಮತ್ತೆ ಬರುವುದಿಲ್ಲ. ಊಟ ಚೆನ್ನಾಗಿದ್ದರೂ ಮತ್ತೆ ಬರುವುದಿಲ್ಲ. ಅವರ ಜಾಗಕ್ಕೆ ನಾಳೆ ಬೇರೆ ಹಸಿದವರು ಬರುತ್ತಾರೆ. ಇತ್ತ ಮುಖ್ಯರಸ್ತೆಯ ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು. ಅದು ನಿಮ್ಮ ಬಿಲ್‌ನಿಂದಲೇ ಬರಬೇಕು. ಅಲ್ಲಿನ ಅಡುಗೆಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಮಾಡಲೇಬೇಕು ಅನ್ನುವ ಒತ್ತಡ ಅವರ ಮೇಲೆ ಇಲ್ಲ, ಅಷ್ಟೇ.

ಹಾಗಾಗಿ ಯಾವ ಊರಿಗೆ ಹೋದರೂ ನಾನು ಕೇಳಿಕೊಳ್ಳುವುದು ಒಂದೇ. ಇಲ್ಲಿ ಕೂತು ಉಣ್ಣುತ್ತಿರುವವರು ನಾಳೆಯೂ ಇಲ್ಲಿಗೇ ಬರುವವರಾ? ಹೌದು ಅನ್ನಿಸಿದರೆ ಕಣ್ಣು ಮುಚ್ಚಿಕೊಂಡು ಒಳಗೆ ಹೋಗುತ್ತೇನೆ. ದಿನಾ ಬರುವ ಗಿರಾಕಿಗೆ ಒಂದು ದಿನ ಹಳಸಿದ್ದು ಹಾಕಿದರೆ ಅವನು ಪಕ್ಕದ ಗಲ್ಲಿಗೆ ಹೋಗುತ್ತಾನೆ, ಜೊತೆಗೆ ಆಫೀಸಿನ ನಾಲ್ಕು ಜನರನ್ನೂ ಕರೆದುಕೊಂಡು ಹೋಗುತ್ತಾನೆ. ಆ ಭಯ ಇರುವ ಅಡುಗೆಮನೆಯನ್ನು ನಂಬಬಹುದು.

ಇದನ್ನು ಗುರುತಿಸುವುದು ಹೇಗೆ? ಒಂದು ಮಧ್ಯಾಹ್ನ ಹೊಸ ಊರೊಂದರಲ್ಲಿ ಹೀಗೇ ಒಂದು ಅಡ್ಡರಸ್ತೆಯ ತಿರುವಿನಲ್ಲಿ ನಿಂತಿದ್ದೆ. ಮುಕ್ಕಾಲು ಗಂಟೆಯಲ್ಲಿ ಸಭೆ ಇತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಎದುರಿಗೆ ಎರಡು ಹೋಟೆಲ್. ಒಂದರ ಬಾಗಿಲಲ್ಲಿ ದೊಡ್ಡ ಬಣ್ಣದ ಫೋಟೋಗಳು. ಇನ್ನೊಂದರ ಬೋರ್ಡಿನ ಎರಡು ಅಕ್ಷರ ಮಾಸಿಹೋಗಿತ್ತು. ಆ ಎರಡನೆಯದಕ್ಕೆ ಕತ್ತಿನಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಒಬ್ಬರು ಬಂದರು. ಅಂಗಿ ತೋಳು ಮಡಚುತ್ತಾ ಗೋಡೆ ಪಕ್ಕದ ಟೇಬಲ್‌ಗೆ ನೇರವಾಗಿ ನಡೆದರು. ಅವರು ಕೂರುವ ಮೊದಲೇ ಸಪ್ಲೈಯರ್ ನೀರಿನ ಲೋಟ ಇಟ್ಟಾಗಿತ್ತು. ಮೆನು ಕೊಡಲಿಲ್ಲ. ಏನು ಬೇಕು ಅಂತಲೂ ಕೇಳಲಿಲ್ಲ. ಎರಡು ನಿಮಿಷಕ್ಕೆ ತಟ್ಟೆ ಬಂತು. ಹಿಂದೆಯೇ ಬಂದ ಇಬ್ಬರು ಹೆಂಗಸರ ವಿಷಯದಲ್ಲೂ ಹಾಗೇ ಆಯಿತು. ನನಗೆ ಅಷ್ಟು ಸಾಕಾಯಿತು. ಆ ಊರಿನಲ್ಲಿ ಇದ್ದ ಮೂರೂ ದಿನ ಅಲ್ಲೇ ಉಂಡೆ.

ಕೇಳದೇ ತಟ್ಟೆ ತಂದಿಡುವುದು, ಹೆಸರು ಹಿಡಿದು ಮಾತಾಡಿಸುವುದು, ಒಬ್ಬೊಬ್ಬರೇ ಬಂದು ಪೇಪರ್ ಓದುತ್ತಾ ಉಣ್ಣುವುದು, ಬಿಲ್ ಬರುವ ಮೊದಲೇ ಸರಿಯಾದ ಚಿಲ್ಲರೆ ಎಣಿಸಿಟ್ಟುಕೊಂಡಿರುವುದು. ಇವೆಲ್ಲ ದಿನಾ ಬರುವವರ ಲಕ್ಷಣ. ಇದಕ್ಕೆ ಆ ಊರಿನ ಭಾಷೆ ಬರಬೇಕಾಗಿಲ್ಲ. ಕಿಟಕಿಯಿಂದ ಎರಡು ನಿಮಿಷ ನೋಡಿದರೆ ಸಾಕು. ಟೇಬಲ್ ಪಕ್ಕ ಸೂಟ್‌ಕೇಸ್‌ಗಳೇ ಕಂಡರೆ, ಎಲ್ಲರೂ ಮೆನುವಿನಲ್ಲಿ ಮುಖ ಹುದುಗಿಸಿ ಕೂತಿದ್ದರೆ ಅವರೂ ನಿಮ್ಮಂತೆ ಹೊಸಬರೇ. ಇನ್ನು ಹೊರಗೆ ನಿಂತು ಬನ್ನಿ ಬನ್ನಿ ಅಂತ ಕರೆಯುವವರಿದ್ದರೆ ನಾನಂತೂ ನಿಲ್ಲುವುದೇ ಇಲ್ಲ. ದಿನದ ಗಿರಾಕಿಯನ್ನು ಯಾರೂ ಕೈ ಹಿಡಿದು ಕರೆಯಬೇಕಾಗಿಲ್ಲ.

ಈಗ ದೂರದ ವಿಷಯ. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ, ನಿಮ್ಮ ಆಯ್ಕೆ ಎಷ್ಟು ಹಿಗ್ಗುತ್ತದೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತೇವೆ. ಐದು ನಿಮಿಷಕ್ಕೆ 400 ಮೀಟರ್ ಆಯಿತು. ಲಾಡ್ಜ್ ಸುತ್ತ ಅಷ್ಟು ದೂರದ ವೃತ್ತ ಎಳೆದರೆ ಒಳಗೆ ಸಿಗುವ ಜಾಗ ಅರ್ಧ ಚದರ ಕಿಲೋಮೀಟರ್. ಹತ್ತು ನಿಮಿಷ ನಡೆದರೆ ಎರಡು ಚದರ ಕಿಲೋಮೀಟರ್. ದೂರ ಎರಡು ಪಟ್ಟು, ಜಾಗ ನಾಲ್ಕು ಪಟ್ಟು! ಊರ ನಡುವೆ ಅಷ್ಟು ಜಾಗದೊಳಗೆ ಬೇಕಾದಷ್ಟು ಅಡುಗೆಮನೆಗಳು ಇರುತ್ತವೆ. ಒಬ್ಬರೇ ಇರುವಾಗ ಆ ಹತ್ತು ನಿಮಿಷಕ್ಕೆ ಸೋಮಾರಿತನ ಮಾಡಬೇಡಿ.

ಅಮ್ಮನ ಜೊತೆಗಿರುವಾಗ ಅಷ್ಟು ಆಗಲ್ಲ ಅಂದಿರಿ. ಆಗ ದೂರ ಹೋಗುವ ಬದಲು ತಿರುಗಿ. ಮುಖ್ಯರಸ್ತೆ ಬಿಟ್ಟು ಮೊದಲ ಅಡ್ಡರಸ್ತೆ, ಅಲ್ಲಿಂದ ಅದರ ಹಿಂದಿನ ಬೀದಿ. ಎಷ್ಟೋ ಊರುಗಳಲ್ಲಿ ಇದು ಲಾಡ್ಜ್‌ನ ಹಿಂಬಾಗಿಲಿನಿಂದ ನೂರೈವತ್ತು ಇನ್ನೂರು ಮೀಟರ್ ಕೂಡ ಇರುವುದಿಲ್ಲ. ಆದರೆ ಅಲ್ಲಿನ ಬಾಡಿಗೆ ಬೇರೆ, ಜನ ಬೇರೆ. ಸುಮ್ನೆ ದಾರಿ ಹೋಕರು ಅಲ್ಲಿಗೆ ಬರುವುದಿಲ್ಲ, ಗೊತ್ತಿದ್ದವರೇ ಬರುತ್ತಾರೆ.

ಆ ಸುತ್ತಿನಲ್ಲಿ ಕೋರ್ಟು, ದೊಡ್ಡ ಆಸ್ಪತ್ರೆ, ಕಾಲೇಜು, ಸಗಟು ಮಾರುಕಟ್ಟೆ, ಬಸ್ ಡಿಪೋ ಇದೆಯಾ ನೋಡಿ. ಇವುಗಳ ಸುತ್ತ ದಿನಾ ಹಸಿಯುವ ಜನ ಇರುತ್ತಾರೆ. ಆಸ್ಪತ್ರೆ ಹತ್ತಿರ ತಡರಾತ್ರಿಯೂ ಏನಾದರೂ ಸಿಗುವ ಸಾಧ್ಯತೆ ಹೆಚ್ಚು, ಯಾಕೆಂದರೆ ಅಲ್ಲಿ ರಾತ್ರಿ ಪಾಳಿ ಇದೆ. ಮಾರುಕಟ್ಟೆ ಹತ್ತಿರ ಬೆಳಗಿನ ಜಾವವೇ ಒಲೆ ಹಚ್ಚುತ್ತಾರೆ. ಬರೀ ಆಫೀಸುಗಳೇ ಇರುವ ಬೀದಿಯಾದರೆ ಒಂದು ಎಚ್ಚರ ಬೇಕು. ಮಧ್ಯಾಹ್ನ ಕಾಲಿಡಲು ಜಾಗವಿಲ್ಲದ ಬೀದಿ ಸಂಜೆ ಏಳಕ್ಕೆಲ್ಲ ಖಾಲಿ ಹೊಡೆಯುತ್ತದೆ, ವಾರದ ರಜೆಯ ದಿನ ಬಾಗಿಲೇ ತೆಗೆಯುವುದಿಲ್ಲ. ಮಧ್ಯಾಹ್ನದ ಜಾಗ ಒಂದು, ರಾತ್ರಿಯ ಜಾಗ ಇನ್ನೊಂದು ಅಂತ ಎರಡು ಬೇರೆ ಬೇರೆ ಇಟ್ಟುಕೊಳ್ಳಿ.

ಹಾಗೇ, ಒಂದು ಗಂಟೆಗೆ ಸರಿಯಾಗಿ ಹೋಗಬೇಡಿ. ಹನ್ನೆರಡೂಕಾಲಿಗೆ ಹೋದರೆ ಜಾಗ ಸಿಗುತ್ತದೆ, ಆಗಷ್ಟೇ ಇಳಿಸಿದ ಅಡುಗೆ ಸಿಗುತ್ತದೆ. ಊಟದ ಹೊತ್ತು ಊರಿಂದೂರಿಗೆ ಬೇರೆ ಇರುತ್ತದೆ, ಆ ಊರಿನ ಗಡಿಯಾರ ಮೊದಲ ದಿನವೇ ತಿಳಿದುಕೊಳ್ಳಿ. ಗುಂಪಿಗಿಂತ ಅರ್ಧ ಗಂಟೆ ಮುಂಚೆ ಅನ್ನುವುದು ಎಲ್ಲ ಕಡೆ ನಡೆಯುತ್ತದೆ.

ಇನ್ನು ಕೇಳುವುದು. ಇದು ನಾನು ಹನ್ನೊಂದು ವರ್ಷ ಉತ್ತರ ಕೊಟ್ಟ ವಿಷಯ, ಹಾಗಾಗಿ ಸ್ವಲ್ಪ ಮನಸ್ಸು ಬಿಚ್ಚಿ ಹೇಳಬೇಕು. ‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?’ ಅಂತ ರಿಸೆಪ್ಶನ್‌ನಲ್ಲಿ ಕೇಳಿದರೆ ನಿಮಗೆ ಸಿಗುವುದು ಸಿದ್ಧ ಉತ್ತರ. ನಾವು ಕೆಲಸ ಮಾಡುತ್ತಿದ್ದಲ್ಲಿ ಎರಡು ಹೋಟೆಲ್‌ಗಳ ಕಾರ್ಡುಗಳನ್ನು ಕೌಂಟರ್ ಮೇಲೆ ಇಟ್ಟಿರುತ್ತಿದ್ದರು. ಕೇಳಿದವರಿಗೆ ಅದನ್ನೇ ಕೊಡಬೇಕು ಅಂತ ಮೇಲಿನವರ ಮಾತು. ಕಳಿಸಿದ ಪ್ರತಿ ಗಿರಾಕಿಗೂ ಕಮಿಷನ್ ಇತ್ತು. ಒಮ್ಮೆ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಹಗುರವಾಗಿ ಏನಾದರೂ ಉಣ್ಣಬೇಕು ಅಂದರು. ನಾನು ಆ ಕಾರ್ಡ್ ಕೊಟ್ಟೆ. ಒಂದೂವರೆ ಗಂಟೆ ಬಿಟ್ಟು ವಾಪಸ್ ಬಂದರು. ಆ ಅಜ್ಜ ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ‘ನೀನು ಅಲ್ಲಿ ಊಟ ಮಾಡಿದ್ದೀಯೇನಪ್ಪಾ?’ ಅಂತ ಮೆಲ್ಲಗೆ ಕೇಳಿದರು. ನಾನು ಒಂದು ದಿನವೂ ಅಲ್ಲಿ ಉಂಡಿರಲಿಲ್ಲ. ಅವತ್ತಿನಿಂದ ಯಾರು ಕೇಳಿದರೂ ನಾನು ಉಂಡ ಜಾಗವನ್ನೇ ಹೇಳಿದೆ.

ಆ ಅಜ್ಜ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ‘ನೀವು ನಿನ್ನೆ ಎಲ್ಲಿ ಊಟ ಮಾಡಿದ್ರಿ?’ ಅಂತ ಕೇಳಿ. ‘ನಿಮ್ಮ ಮನೆಯವರು ಬಂದರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?’ ಅಂತ ಕೇಳಿ. ಇದಕ್ಕೆ ಸಿದ್ಧ ಉತ್ತರ ಇರುವುದಿಲ್ಲ. ಎದುರಿನವರು ಒಂದು ಕ್ಷಣ ಯೋಚಿಸುತ್ತಾರೆ, ಮುಖ ಬದಲಾಗುತ್ತದೆ, ಆಮೇಲೆ ನಿಜವಾದ ಹೆಸರು ಬರುತ್ತದೆ. ಕೆಲವರು, ‘ಅದು ನಿಮ್ಮಂಥವರಿಗೆ ಸರಿ ಹೋಗಲ್ಲ, ತುಂಬಾ ಸಾದಾ ಜಾಗ’ ಅಂತಾರೆ. ಬಿಡಬೇಡಿ, ದಾರಿ ಕೇಳಿ. ರಿಸೆಪ್ಶನ್‌ನವರಿಗಿಂತ ರಾತ್ರಿ ಪಾಳಿಯ ಸೆಕ್ಯುರಿಟಿ, ರೂಮ್ ಸ್ವಚ್ಛ ಮಾಡುವವರು, ಪಕ್ಕದ ಔಷಧಿ ಅಂಗಡಿಯವರು ಇನ್ನೂ ಚೆನ್ನಾಗಿ ಹೇಳುತ್ತಾರೆ. ಅವರು ಸ್ವಂತ ಸಂಬಳದ ದುಡ್ಡಿನಲ್ಲಿ ದಿನಾ ಹೊರಗೆ ತಿನ್ನುವವರು.

ದೊಡ್ಡ ಲಾಡ್ಜ್ ಆದರೆ ಉಳಿದವರಿಗೆ ಊಟ, ಓಡಾಟದಂಥ ವಿಷಯಗಳಲ್ಲಿ ನೆರವಾಗಲೆಂದೇ ಕನ್ಸಿಯರ್ಜ್ ಅಂತ ಬೇರೆಯೇ ಒಬ್ಬರು ಇರುತ್ತಾರೆ. ಅವರ ಕೋಟಿನ ಕಾಲರ್ ಮೇಲೆ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಚಿನ್ನದ ಬಣ್ಣದ ಕೀಲಿಗಳ ಗುರುತು ಕಂಡರೆ, ಅವರು ಕನ್ಸಿಯರ್ಜ್‌ಗಳದ್ದೇ ಆದ ‘ಲೆ ಕ್ಲೆ ದೋರ್’ ಸಂಘದ ಸದಸ್ಯರು ಅಂತ ಅರ್ಥ. 1929ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂಘ ಅದು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರಿಗೆ ಮಾತ್ರ ಆ ಗುರುತು ಸಿಗುತ್ತದೆ. ಅಂಥವರಿದ್ದರೆ ಅಮ್ಮನ ವಿಷಯ ಪೂರ್ತಿ ಹೇಳಿ: ಎಷ್ಟು ಹೊತ್ತಿಗೆ ಊಟ ಬೇಕು, ಎಷ್ಟು ನಡೆಯಬಲ್ಲರು, ಮೆಟ್ಟಿಲು ಹತ್ತಬಲ್ಲರಾ, ಎಷ್ಟು ಖರ್ಚು ಮಾಡಬಲ್ಲಿರಿ. ವಿವರ ಕೊಟ್ಟಷ್ಟೂ ಉತ್ತರ ನಿಮಗೆ ಸರಿಯಾಗಿ ಹೊಂದುತ್ತದೆ.

ಮೊಬೈಲ್ ಸ್ಟಾರ್‌ಗಳ ಬಗ್ಗೆ ಕೇಳಿದ್ದೀರಿ. ಅದನ್ನು ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ನಾನೂ ನೋಡುತ್ತೇನೆ. ಆದರೆ ಅಲ್ಲಿ ದುಡ್ಡಿನ ವಿಷಯ ಇದೆ ಅಂತ ನೆನಪಿರಲಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಲೂಕಾ 2011ರಲ್ಲಿ, ಗಿರಾಕಿಗಳು ವಿಮರ್ಶೆ ಬರೆಯುವ ಯೆಲ್ಪ್ ತಾಣದ ಸ್ಟಾರ್‌ಗಳನ್ನೂ ಹೋಟೆಲ್‌ಗಳ ಆದಾಯವನ್ನೂ ಹೋಲಿಸಿ ನೋಡಿದರು. ಒಂದು ಸ್ಟಾರ್ ಏರಿದರೆ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತದೆ ಅಂತ ಕಂಡಿತು. ಅದೂ ಸ್ವಂತವಾಗಿ ನಡೆಸುವ ಹೋಟೆಲ್‌ಗಳಿಗೆ ಮಾತ್ರ, ಎಲ್ಲ ಕಡೆ ಶಾಖೆ ಇರುವ ಕಂಪನಿಗಳಿಗೆ ಸ್ಟಾರ್‌ನಿಂದ ಅಂಥ ವ್ಯತ್ಯಾಸ ಆಗಲಿಲ್ಲ. ಒಂದು ಸ್ಟಾರ್‌ಗೆ ಇಷ್ಟು ಬೆಲೆ ಇದ್ದ ಮೇಲೆ ಅದನ್ನು ಹೇಗಾದರೂ ಮಾಡಿ ಗಳಿಸುವ ಆಸೆ ಕೆಲವರಿಗೆ ಬರುತ್ತದೆ, ಅಲ್ವಾ? 2017ರಲ್ಲಿ ಊಬಾ ಬಟ್ಲರ್ ಎಂಬ ಬರಹಗಾರ ಲಂಡನ್‌ನಲ್ಲಿ ತಾನು ವಾಸವಿದ್ದ ಶೆಡ್ಡನ್ನೇ ಹೋಟೆಲ್ ಅಂತ ಟ್ರಿಪ್‌ಅಡ್ವೈಸರ್ ಎಂಬ ಇಂಥದ್ದೇ ವಿಮರ್ಶೆಯ ತಾಣಕ್ಕೆ ಸೇರಿಸಿದರು. ಗೆಳೆಯರಿಂದ ಸುಳ್ಳು ವಿಮರ್ಶೆ ಬರೆಸಿದರು. ಒಬ್ಬರೇ ಒಬ್ಬರಿಗೂ ಊಟ ಬಡಿಸದೆ ಕೆಲವೇ ತಿಂಗಳಲ್ಲಿ ಅದು ಲಂಡನ್‌ನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಇದು ಕಣ್ಣಾರೆ ಕಂಡದ್ದೂ ಅಲ್ಲ.

ಹಾಗಾದರೆ ನೋಡುವುದು ಹೇಗೆ? ನಾನು ಮೊದಲು ವಿಮರ್ಶೆಗಳನ್ನು ‘ಹೊಸದು ಮೊದಲು’ ಅಂತ ಜೋಡಿಸಿಕೊಳ್ಳುತ್ತೇನೆ. ಎರಡು ವರ್ಷದ ಹಿಂದಿನ ಹೊಗಳಿಕೆ ಈಗ ಉಪಯೋಗಕ್ಕೆ ಬಾರದು. ಅಡುಗೆಯವರು ಬದಲಾಗಿರಬಹುದು, ಮಾಲೀಕರೇ ಬದಲಾಗಿರಬಹುದು. ಆಮೇಲೆ ಮೂರು ಸ್ಟಾರ್ ಕೊಟ್ಟವರದ್ದನ್ನು ಓದುತ್ತೇನೆ. ಐದು ಕೊಟ್ಟವರು ಖುಷಿಯಲ್ಲಿರುತ್ತಾರೆ, ಒಂದು ಕೊಟ್ಟವರು ಸಿಟ್ಟಿನಲ್ಲಿರುತ್ತಾರೆ. ಮೂರು ಕೊಟ್ಟವರು ಕೂತು ಯೋಚಿಸಿ ಬರೆದಿರುತ್ತಾರೆ: ಊಟ ಚೆನ್ನಾಗಿದೆ ಆದರೆ ಗದ್ದಲ ಜಾಸ್ತಿ, ರುಚಿ ಇದೆ ಆದರೆ ಬಡಿಸುವುದು ತಡ. ನಿಮಗೆ ಯಾವ ‘ಆದರೆ’ ತೊಂದರೆ ಕೊಡುತ್ತದೆ, ಯಾವುದು ಕೊಡುವುದಿಲ್ಲ ಅಂತ ನೀವೇ ತೀರ್ಮಾನಿಸಬಹುದು. ಹನ್ನೆರಡು ಜನ ಸೇರಿ ಕೊಟ್ಟ ಐದು ಸ್ಟಾರ್‌ಗಿಂತ ಸಾವಿರ ಜನ ಕೊಟ್ಟ ನಾಲ್ಕೂಕಾಲು ಸ್ಟಾರನ್ನು ನಾನು ಹೆಚ್ಚು ನಂಬುತ್ತೇನೆ.

ಫೋಟೋ ನೋಡುವಾಗಲೂ ಅಷ್ಟೇ. ಮಾಲೀಕರು ಹಾಕಿದ್ದು ಬಿಟ್ಟು ಗಿರಾಕಿಗಳು ತೆಗೆದದ್ದನ್ನು ನೋಡಿ. ಅದರಲ್ಲಿ ತಟ್ಟೆ ಅರ್ಧ ಖಾಲಿಯಾಗಿರುತ್ತದೆ, ಬೆಳಕು ಮಂಕಾಗಿರುತ್ತದೆ, ಪಕ್ಕದ ಟೇಬಲ್ಲೂ ಕಾಣುತ್ತದೆ. ಬಡಿಸುವ ಪ್ರಮಾಣ ಎಷ್ಟು, ಟೇಬಲ್ ಒರೆಸಿದ್ದಾರಾ, ಅಕ್ಕಪಕ್ಕ ಯಾರು ಕೂತಿದ್ದಾರೆ ಅನ್ನುವುದೆಲ್ಲ ಅಲ್ಲೇ ಸಿಗುತ್ತದೆ. ಯಾರಾದರೂ ಮೆನು ಕಾರ್ಡಿನ ಫೋಟೋ ಹಾಕಿದ್ದರೆ ರೇಟೂ ಗೊತ್ತಾಗುತ್ತದೆ.

ನಕ್ಷೆಯಲ್ಲಿ ಹುಡುಕುವಾಗ ಹಲವರು ಒಂದು ತಪ್ಪು ಮಾಡುತ್ತಾರೆ. ಲಾಡ್ಜ್‌ನಲ್ಲಿ ಕೂತು ‘ಹತ್ತಿರದ ಹೋಟೆಲ್’ ಅಂತ ಹಾಕಿ, ಮೊದಲು ಬಂದ ನಾಲ್ಕು ಹೆಸರು ನೋಡಿ ಎದ್ದುಬಿಡುತ್ತಾರೆ. ಮೇಲೆ ಬರುವವುಗಳಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತೂ ಇರಬಹುದು, ಹೆಸರಿನ ಪಕ್ಕ ಸಣ್ಣದಾಗಿ ಬರೆದಿರುತ್ತದೆ, ಗಮನಿಸಿ. ಅದರ ಬದಲು ನಕ್ಷೆಯನ್ನು ಆ ಹಿಂದಿನ ಬೀದಿಗೆ ಸರಿಸಿ, ಎರಡು ಬೆರಳಿನಿಂದ ಹಿಗ್ಗಿಸಿ. ದೂರದಿಂದ ನೋಡುವಾಗ ಕಾಣದ ಸಣ್ಣ ಸಣ್ಣ ಅಂಗಡಿಗಳು ಹತ್ತಿರ ಹೋದಂತೆ ಒಂದೊಂದಾಗಿ ಮೂಡುತ್ತವೆ. ಆಮೇಲೆ ಆ ಊರಿನ ಭಾಷೆಯಲ್ಲೇ ‘ಊಟ’ ಅನ್ನುವ ಪದ ಹಾಕಿ ಹುಡುಕಿ. ಊರವರು ಊರವರಿಗಾಗಿ ಬರೆದ ವಿಮರ್ಶೆಗಳು ಸಿಗುತ್ತವೆ, ಅನುವಾದದ ಬಟನ್ ಒತ್ತಿದರೆ ಓದಲೂಬಹುದು. ಹೋಗುವ ಮೊದಲು ಒಂದು ಫೋನ್ ಮಾಡಿ, ತೆರೆದಿದೆಯಾ ಅಂತ ಕೇಳಿ. ನಕ್ಷೆಯಲ್ಲಿ ತೆರೆದಿದೆ ಅಂತ ತೋರಿಸಿ ಬಾಗಿಲು ಹಾಕಿರುವುದು ನನಗೆ ಎಷ್ಟೋ ಸಲ ಆಗಿದೆ. ಅಮ್ಮನನ್ನು ಕರೆದುಕೊಂಡು ಅಷ್ಟು ದೂರ ಹೋಗಿ ವಾಪಸ್ ಬರುವಂತಾಗಬಾರದು.

ಬಾಗಿಲಿಗೆ ಬಂದಿರಿ ಅಂತಿಟ್ಟುಕೊಳ್ಳಿ. ಮೆನು ಚಿಕ್ಕದಿದ್ದರೆ ನನಗೆ ಸಮಾಧಾನ. ಒಂದೇ ಅಡುಗೆಮನೆಯಲ್ಲಿ ನೂರೈವತ್ತು ಬಗೆ ಮಾಡುತ್ತೇವೆ ಅಂದರೆ ಅಷ್ಟೂ ಅವತ್ತಿನದ್ದೇ ಆಗಿರುವುದು ಕಷ್ಟ. ಹತ್ತು ಹನ್ನೆರಡು ಬಗೆ ಇದ್ದು, ಅದರಲ್ಲಿ ಎರಡು ‘ಮುಗಿದಿದೆ’ ಅಂದರೆ ಒಳ್ಳೆಯ ಸೂಚನೆ, ಅವತ್ತಿನದ್ದು ಅವತ್ತೇ ಖರ್ಚಾಗುತ್ತಿದೆ ಅಂತ. ಕೈ ತೊಳೆಯುವ ಜಾಗ ಒಮ್ಮೆ ನೋಡಿ ಬನ್ನಿ. ಗಿರಾಕಿ ಕಣ್ಣಿಗೆ ಬೀಳುವ ಜಾಗವನ್ನೇ ಸ್ವಚ್ಛ ಇಡದವರು ಒಳಗಿನದನ್ನು ಇಡುತ್ತಾರೆ ಅಂತ ನಂಬಲು ನನಗೆ ಆಗುವುದಿಲ್ಲ.

ಬಿಸಿ ಇರಬೇಕಾದ್ದು ಬಿಸಿಯಾಗಿಯೇ ಇರಬೇಕು, ಇದರಲ್ಲಿ ರಾಜಿ ಬೇಡ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿ ನಡುವೆ ಇಟ್ಟ ಆಹಾರದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಾಡ್ಜ್‌ನ ಬೆಳಗಿನ ಬಫೆಗೂ ಇದು ಅನ್ವಯ. ಶುರುವಾದ ಮೊದಲ ಅರ್ಧ ಗಂಟೆಯಲ್ಲೇ ಹೋಗಿ. ಕೊನೆಯಲ್ಲಿ ಹೋದರೆ ತಟ್ಟೆಯ ಅಂಚಿನಲ್ಲಿ ಒಣಗಿ ಅಂಟಿದ್ದು ಸಿಗುತ್ತದೆ. ಮುಚ್ಚಳ ತೆಗೆದಾಗ ಆವಿ ಬರದಿದ್ದರೆ ಬಿಟ್ಟುಬಿಡಿ, ಅಲ್ಲೇ ಎದುರಿಗೆ ಮಾಡಿಕೊಡುವುದನ್ನು ತೆಗೆದುಕೊಳ್ಳಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನನಗೆ ಇದರಲ್ಲಿ ನಿಮ್ಮಷ್ಟೇ ಕಾಳಜಿ ಇದೆ, ನನ್ನ ತಂದೆಯವರಿಗೂ ಇದೇ ತೊಂದರೆ ಇತ್ತು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ಅಂಶ ಇಳಿದುಬಿಡುತ್ತದೆ. ಕೈ ನಡುಕ, ಬೆವರು, ತಲೆ ಸುತ್ತು ಶುರುವಾಗುತ್ತದೆ. ಹಾಗಾಗಿ ಊಟ ಬರುವುದು ಖಾತ್ರಿಯಾಗದೆ ಊಟದ ಇನ್ಸುಲಿನ್ ತೆಗೆದುಕೊಳ್ಳದಂತೆ ನೋಡಿಕೊಳ್ಳಿ, ಹೊರಡುವ ಮೊದಲು ಅವರ ಡಾಕ್ಟರ ಹತ್ತಿರ ಇದನ್ನೊಮ್ಮೆ ಮಾತಾಡಿ. ಬ್ಯಾಗ್‌ನಲ್ಲಿ ಗ್ಲೂಕೋಸ್ ಮಾತ್ರೆಯೋ ಸಕ್ಕರೆಯೋ ಯಾವಾಗಲೂ ಇರಲಿ. ಸಕ್ಕರೆ ಇಳಿದಾಗ 15 ಗ್ರಾಂನಷ್ಟು ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು ಅನ್ನುವುದು ಸಾಮಾನ್ಯವಾಗಿ ಹೇಳುವ ಕ್ರಮ. ತಿನ್ನಬಾರದ್ದು ಏನಾದರೂ ಇದ್ದರೆ ಆ ಊರಿನ ಭಾಷೆಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳಿ. ರಿಸೆಪ್ಶನ್‌ನವರು ಖುಷಿಯಿಂದ ಬರೆದುಕೊಡುತ್ತಾರೆ. ನಾನು ಅಂಥ ಚೀಟಿಗಳನ್ನು ಎಷ್ಟು ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಸಪ್ಲೈಯರ್‌ಗೆ ಬಾಯಲ್ಲಿ ಹೇಳಿದ್ದು ಅಡುಗೆಮನೆ ತಲುಪುವಷ್ಟರಲ್ಲಿ ಅರ್ಧ ಆಗಿರುತ್ತದೆ. ಚೀಟಿ ಹಾಗೇ ಒಳಗೆ ಹೋಗುತ್ತದೆ.

ನೀವು ತರಬೇತಿಗೆ ಹೋದಾಗ ಮಧ್ಯಾಹ್ನ ಅವರು ಒಬ್ಬರೇ ಇರುತ್ತಾರೆ ಅಲ್ವಾ? ಅದಕ್ಕೆ ಆದಷ್ಟು ಬೇಗ ದಾರಿ ಮಾಡಿಕೊಳ್ಳಿ. ಊರು ತಲುಪಿದ ರಾತ್ರಿ ದಣಿದಿರುತ್ತೀರಿ, ಅವತ್ತು ಹುಡುಕಾಟ ಬೇಡ. ಹತ್ತಿರದಲ್ಲಿ ಸಿಕ್ಕಿದ ಬಿಸಿ ಊಟ ಮಾಡಿ ಮಲಗಿ. ಹಸಿದು ಸುಸ್ತಾದವರು ಎದುರಿಗೆ ಕಂಡದ್ದಕ್ಕೇ ನುಗ್ಗುತ್ತಾರೆ, ಆಗ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮರುದಿನ ಸಂಜೆ, ಇನ್ನೂ ಹಸಿವಾಗುವ ಮೊದಲೇ, ಅಮ್ಮನ ಜೊತೆ ಹಿಂದಿನ ಬೀದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಹಿಡಿಸಿದ ಒಂದು ಜಾಗದಲ್ಲಿ ಸಣ್ಣದೇನಾದರೂ ತಿಂದು ನೋಡಿ. ಚೆನ್ನಾಗಿದ್ದರೆ ಬಿಲ್ ಕೊಡುವಾಗ ಗಲ್ಲಾದಲ್ಲಿ ಕೂತವರ ಹತ್ತಿರ ಎರಡು ಮಾತಾಡಿ. ‘ನಾಳೆಯಿಂದ ಮೂರು ದಿನ ಅಮ್ಮ ಹನ್ನೆರಡೂವರೆಗೆ ಬರ್ತಾರೆ, ಸಕ್ಕರೆ ಇದೆ, ತಡ ಆಗಬಾರದು’ ಅಂತ ಹೇಳಿ. ಫೋನ್ ನಂಬರ್ ತೆಗೆದುಕೊಳ್ಳಿ, ಅಮ್ಮನ ಕಾಲು ನೋವು ಜಾಸ್ತಿಯಾದ ದಿನ ರೂಮಿಗೇ ಪಾರ್ಸೆಲ್ ಕಳಿಸುತ್ತಾರಾ ಕೇಳಿ. ನಾನು ಮಾತಾಡಿಸಿದ ಹೆಚ್ಚಿನವರು ಇದಕ್ಕೆ ಒಪ್ಪಿದ್ದಾರೆ.

ಅವತ್ತೇ ಆ ಬೀದಿಯಲ್ಲಿ ಇನ್ನೊಂದು ಜಾಗವನ್ನೂ ಗುರುತು ಮಾಡಿಟ್ಟುಕೊಂಡಿರಿ, ಮೊದಲನೆಯದಕ್ಕೆ ವಾರದ ರಜೆ ಯಾವತ್ತು ಅಂತ ಕೇಳಿದ ಮೇಲೆ.